ಸಿಲೋನಿನಲ್ಲಿ ಬಸುರಿಯರ ಹಾಜರಿ

ಗುಂತಕಲ್ ತನಕ

ಪರದೇಶಕ್ಕೆ ಹೋಗಿಬಂದೆ ಎಂದರೆ ಸತ್ಯನಾರಾಯಣಪೇಟೆಯ ನಮ್ಮ ಓಣಿಯವರು ಮೊದಲು ಕೇಳುವುದು ವಿಮಾನದ ವಿಚಾರ. ನಾನು ಹೋದದ್ದು ರೈಲಿನಲ್ಲಿ, ಆಮೇಲೆ ಹಡಗಿನಲ್ಲಿ, ಅದೂ ಸಿಲೋನಿಗೆ ಎಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಆ ದೇಶ ತನ್ನ ಹೆಸರನ್ನು ಶ್ರೀಲಂಕಾ ಎಂದು ಬದಲಿಸಿಕೊಂಡು ಸ್ವಲ್ಪ ಕಾಲವಾಗಿತ್ತು. ಆದರೆ ರೇಡಿಯೋದಲ್ಲಿ ಹಾಡು ಕೇಳಿ ಬೆಳೆದ ನಮಗೆಲ್ಲ ಅದು ಸಿಲೋನೇ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ, ಸಿಟ್ಟಾಗುವವರು ಆಗಲಿ.

ನಾನಾಗ ಬಳ್ಳಾರಿಯ ಆರೋಗ್ಯ ಕಚೇರಿಯಲ್ಲಿ ವೈದ್ಯಾಧಿಕಾರಿ. ರೋಗಿಗಳ ನಾಡಿ ಹಿಡಿಯುವುದಕ್ಕಿಂತ ಕಾಗದದ ಕಟ್ಟು ಹಿಡಿಯುವುದೇ ಹೆಚ್ಚು. ಹಳ್ಳಿಗಳ ಆರೋಗ್ಯ ಕೇಂದ್ರಗಳಿಂದ ತಿಂಗಳಿಗೊಮ್ಮೆ ವರದಿ ಬರುತ್ತಿತ್ತು. ಎಷ್ಟು ಬಸುರಿಯರು, ಎಷ್ಟು ಹೆರಿಗೆ, ಎಷ್ಟು ಸಾವು, ಎಷ್ಟು ಚುಚ್ಚುಮದ್ದು. ಅದನ್ನು ನಮ್ಮ ಕಚೇರಿಯಲ್ಲಿ ಕೂಡಿಸಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ಕೆಳಗಿನಿಂದ ಮೇಲಕ್ಕೆ ಅಂಕಿ ಹೋಗುತ್ತಿತ್ತು, ಮೇಲಿನಿಂದ ಕೆಳಕ್ಕೆ ಬೈಗುಳ ಬರುತ್ತಿತ್ತು. ಇದಕ್ಕಿಂತ ಬೇರೆ ಸಂಚಾರ ಆ ದಾರಿಯಲ್ಲಿ ಇರಲಿಲ್ಲ. ಇಂಥ ಸ್ಥಿತಿಯಲ್ಲಿ, ಕಡಿಮೆ ದುಡ್ಡಿನಲ್ಲಿ ಸಿಲೋನಿನವರು ತಾಯಂದಿರ ಸಾವನ್ನು ಹೇಗೆ ತಗ್ಗಿಸುತ್ತಿದ್ದಾರೆ, ಯಾವ ಮಾಹಿತಿ ನೋಡಿ ಯಾವ ತೀರ್ಮಾನ ಮಾಡುತ್ತಾರೆ, ನೋಡಿಕೊಂಡು ಬನ್ನಿ ಎಂದು ಸರ್ಕಾರ ಕೆಲವು ಜಿಲ್ಲೆಗಳಿಂದ ಇಬ್ಬಿಬ್ಬರನ್ನು ಆರಿಸಿತು. ಬಳ್ಳಾರಿಯಿಂದ ನಾನು ಮತ್ತು ಕರಿಬಸಪ್ಪ.

ಕರಿಬಸಪ್ಪ ನಮ್ಮ ಕಚೇರಿಯ ಅಂಕಿಸಂಖ್ಯೆಯ ಸಹಾಯಕ, ಸಿರುಗುಪ್ಪದವರು. ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರವೊಂದು ಅವರ ಮೇಜಿನ ಮೇಲಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹೊರಡುವ ದಿನ ಅವರು ಬ್ರೂಸ್‌ಪೇಟೆಯಲ್ಲಿ ಕೊಂಡ ಹೊಸ ತಗಡಿನ ಟ್ರಂಕಿನೊಂದಿಗೆ ಬಳ್ಳಾರಿ ಸ್ಟೇಷನ್ನಿಗೆ ಬಂದರು. ಎತ್ತಲು ಹೋದ ನನ್ನ ಯಜಮಾನರು ಅದರ ಭಾರ ನೋಡಿ ಹಿಂದಕ್ಕೆ ಸರಿದರು. ಅದರೊಳಗೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಉಂಡೆ ಮತ್ತು ಸಿರುಗುಪ್ಪದ ಅಕ್ಕಿ ಇದ್ದವು.

"ಕರಿಬಸಪ್ಪಾರ, ಅಲ್ಲಿ ಅನ್ನ ಸಿಗಂಗಿಲ್ಲ ಅಂತ ಯಾರು ಹೇಳಿದ್ರು ನಿಮಗ?" ಎಂದೆ.

"ಸಿಗ್ತೈತ್ರಿ ಡಾಕ್ಟರಮ್ಮಾರ. ಆದ್ರ ನಮ್ಮ ಅಕ್ಕಿ ಸಿಗಬೇಕಲ್ರಿ."

ರೈಲು ಗುಂತಕಲ್ ಕಡೆ ಹೊರಟ ಮೇಲೆ ಅವರು ನಿಜವಾದ ವಿಷಯಕ್ಕೆ ಬಂದರು. ಒಬ್ಬಳೇ ಮಗಳು ನೀಲವ್ವ. ಕುರುಗೋಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೋದ ವಾರವಷ್ಟೇ ಸಿರುಗುಪ್ಪಕ್ಕೆ ಕರೆತಂದಿದ್ದರು. ಹೆರಿಗೆಗೆ ಇನ್ನೂ ತಿಂಗಳ ಮೇಲಿದೆ, ಅಷ್ಟರೊಳಗೆ ನಾವು ತಿರುಗಿ ಬಂದಿರುತ್ತೇವೆ ಎಂದು ನಾನು ಧೈರ್ಯ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ಮದ್ರಾಸು ಮುಟ್ಟುವವರೆಗೂ ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇದ್ದರು.

ರಾಮೇಶ್ವರದ ಹಡಗುಕಟ್ಟೆ

ಬಳ್ಳಾರಿ ದಾಟಿದ ಮೇಲೆ ಎಲ್ಲರಿಗೂ ತೆಲುಗು ಬರುತ್ತದೆ ಎಂಬುದು ಕರಿಬಸಪ್ಪನವರ ಗಟ್ಟಿ ನಂಬಿಕೆ. ಗುಂತಕಲ್ಲಿನಲ್ಲಿ ಅದು ಸಲೀಸಾಗಿ ನಡೆಯಿತು. ಮದ್ರಾಸಿನಲ್ಲಿ ಕುಂಟಿತು. ರಾಮೇಶ್ವರದಲ್ಲಿ ಕೂಲಿಯವನೊಬ್ಬ ಅವರ ತೆಲುಗನ್ನು ಪೂರ್ತಿ ಕೇಳಿ, ತಲೆದೂಗಿ, ಟ್ರಂಕನ್ನು ದೇವಸ್ಥಾನದ ಕಡೆಗೆ ಹೊತ್ತು ನಡೆದ. ನಾವಿಬ್ಬರೂ ಹಿಂದೆ ಓಡಿದೆವು. ಸಮುದ್ರಸ್ನಾನಕ್ಕೆ ಬಂದ ದಂಪತಿಗಳೆಂದು ಅವನು ತಿಳಿದುಕೊಂಡಿದ್ದನೆಂದು ಆಮೇಲೆ ಗೊತ್ತಾಯಿತು. ಕರಿಬಸಪ್ಪ ಆ ದಿನವೆಲ್ಲ ನನ್ನ ಮುಖ ನೋಡದೆ ಮಾತಾಡಿದರು.

ಹಡಗು ಹೊರಟಾಗ ಅವರು ಕಟಕಟೆ ಹಿಡಿದು ನಿಂತರು. ಸುತ್ತಲೂ ನೀರು. ಬಹಳ ಹೊತ್ತು ನೋಡಿ, "ಕೆಂಚನಗುಡ್ಡದ ಹತ್ರ ಹೊಳಿ ತುಂಬಿದಾಗ ನೋಡ್ರಿ, ಇದಕಿಂತ ಜೋರು ಇರ್ತೈತಿ" ಎಂದರು. ತುಂಗಭದ್ರೆಗೆ ಯಾವ ಸಮುದ್ರವೂ ಸರಿಸಾಟಿಯಲ್ಲ ಎಂಬ ಅಭಿಪ್ರಾಯವನ್ನು ಅವರು ಕೊನೆಯವರೆಗೂ ಬದಲಿಸಲಿಲ್ಲ. ಹಾಗೆ ಹೇಳಿದ ಸ್ವಲ್ಪ ಹೊತ್ತಿಗೆ ಹಡಗು ತೂಗಾಡತೊಡಗಿತು. ಹೊಟ್ಟೆ ತೊಳಸಿ ಮೂಲೆ ಹಿಡಿದು ಕೂತವಳು ನಾನು. ಡಾಕ್ಟರಿಗೇ ಶುಂಠಿ ಕೊಟ್ಟು ಉಪಚಾರ ಮಾಡುವ ಭಾಗ್ಯ ಕರಿಬಸಪ್ಪನವರದಾಯಿತು.

ಆಚೆ ದಡ ತಲೈಮನ್ನಾರ್. ಅಲ್ಲಿ ಸುಂಕದ ಅಧಿಕಾರಿ ಟ್ರಂಕು ತೆಗೆಸಿದ. ಆ ವರ್ಷ ಅವರ ನಾಡಿನಲ್ಲಿ ಅಕ್ಕಿಗೆ ಬಹಳ ಬಿಗಿ, ಬ್ರೆಡ್ಡಿಗೂ ಸಾಲು ನಿಲ್ಲುವ ಕಾಲ. ನಮ್ಮ ಅಕ್ಕಿಯನ್ನು ಮುಟ್ಟಿ ನೋಡಿ ಬದಿಗಿಟ್ಟ. ಆಮೇಲೆ ಗುರೆಳ್ಳು ಚಟ್ನಿಪುಡಿಯ ಡಬ್ಬಿ ತೆರೆದ. ಕರ್ರಗಿನ ಪುಡಿ ನೋಡಿ ಅವನ ಹುಬ್ಬು ಮೇಲೇರಿತು. ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಗುರೆಳ್ಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಹೊಳೆಯಲಿಲ್ಲ. ಕರಿಬಸಪ್ಪ ಮಾತಿಗೆ ಹೋಗದೆ ರೊಟ್ಟಿ ಮುರಿದು, ಪುಡಿ ಹಚ್ಚಿ, ಅವನ ಮುಂದೆ ಹಿಡಿದರು. ಅವನು ತಿಂದ, ಕಣ್ಣಲ್ಲಿ ನೀರು ತಂದುಕೊಂಡ, ಇನ್ನೊಂದು ತುಂಡು ಕೇಳಿದ. ಅಕ್ಕಿ ಹೋಯಿತು, ಚಟ್ನಿಪುಡಿ ಉಳಿಯಿತು.

ಕಡಲ ಬದಿಯ ಊರು

ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವ ರೈಲು ಸಮುದ್ರದ ಮಗ್ಗುಲಲ್ಲೇ ಓಡುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಅಲೆ ಸಿಗುತ್ತದೇನೋ ಅನ್ನಿಸುತ್ತದೆ. ನಮ್ಮನ್ನು ಕಳಿಸಿದ್ದು ಆ ದಾರಿಯ ಒಂದು ಸಣ್ಣ ಊರಿಗೆ. ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಪೆರೇರ ಎಂಬವರು ಸ್ಟೇಷನ್ನಿಗೆ ತಾವೇ ಬಂದಿದ್ದರು. ದಪ್ಪ ಮನುಷ್ಯ, ಮೆಲು ಮಾತು. ಎಲ್ಲರೂ ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದು, ಊಟಕ್ಕೆ ಕೈಯನ್ನೇ ಬಳಸುವುದು ನೋಡಿ ನನಗೆ ಪರದೇಶಕ್ಕೆ ಬಂದೆನೆಂಬ ಜಂಬ ಅರ್ಧ ಇಳಿಯಿತು. ಉಳಿದರ್ಧವನ್ನು ಅವರ ಒಣಮೀನಿನ ಸಾರಿನ ವಾಸನೆ ಉಳಿಸಿತು. ನಾವಿಬ್ಬರೂ ಲಿಂಗಾಯತರೆಂದು ತಿಳಿದ ಮೇಲೆ ಪೆರೇರರ ಹೆಂಡತಿ ನಮಗಾಗಿ ಬೇರೆ ಒಲೆಯಲ್ಲೇ ಹಲಸಿನ ಪಲ್ಯ, ತೆಂಗಿನ ಹಾಲಿನ ಬೇಳೆ ಮಾಡಿಸಿದರು. ಆ ತಾಯಿಯ ಋಣ ನನ್ನ ಮೇಲಿದೆ.

ಅಲ್ಲಿನ ಕಚೇರಿ ನಮ್ಮದಕ್ಕಿಂತ ಬಡದು. ಮಾಡು ಸೋರುತ್ತಿತ್ತು. ಲೆಕ್ಕದ ಯಂತ್ರ ಇಲ್ಲವೆಂಬುದನ್ನು ಕರಿಬಸಪ್ಪ ಒಳಗೆ ಕಾಲಿಟ್ಟ ಕೂಡಲೇ ಗಮನಿಸಿ ಸಮಾಧಾನಪಟ್ಟುಕೊಂಡರು. ಗೋಡೆಯ ಮೇಲೆ ಆ ಸೀಮೆಯ ದೊಡ್ಡ ನಕ್ಷೆ, ಅದರ ತುಂಬ ಬಣ್ಣದ ತಲೆಯ ಗುಂಡುಸೂಜಿಗಳು.

ತಿಂಗಳ ಸಭೆ ಮರುದಿನ. ಹಳ್ಳಿಗಳಲ್ಲಿ ಕೆಲಸ ಮಾಡುವ ಸೂಲಗಿತ್ತಿ ನರ್ಸುಗಳೆಲ್ಲ ಬಿಳಿ ಸೀರೆಯಲ್ಲಿ ಬಂದು ಬೆಂಚುಗಳ ಮೇಲೆ ಕೂತರು. ನಮ್ಮಲ್ಲಾದರೆ ಸಭೆಯೆಂದರೆ ಅಧಿಕಾರಿಯೊಬ್ಬ ಅಂಕಿ ಓದಿ, ಯಾವ ಕೇಂದ್ರ ಹಿಂದೆ ಬಿದ್ದಿದೆಯೋ ಅದರ ನರ್ಸಮ್ಮನನ್ನು ನಿಲ್ಲಿಸಿ ಕೇಳುವುದು. ಪೆರೇರರೂ ಅಂಕಿ ಓದಿದರು. ಓದಿ ಅಷ್ಟಕ್ಕೇ ಬಿಡಲಿಲ್ಲ. ಹೆಸರುಗಳನ್ನು ಕೂಗತೊಡಗಿದರು. ಸಾಲಿಯಲ್ಲಿ ಮೇಷ್ಟ್ರು ಹಾಜರಿ ಕರೆದಂತೆಯೇ ಇತ್ತು. ಆದರೆ ಕರೆಯುತ್ತಿದ್ದದ್ದು ಅಲ್ಲಿ ಇಲ್ಲದವರನ್ನು. ಅವರೆಲ್ಲ ಆ ತಿಂಗಳು ಗಂಡನ ಮನೆ ಬಿಟ್ಟು ಹೆರಿಗೆಗೆ ಬೇರೆ ಊರಿಗೆ ಹೋದ ಬಸುರಿಯರು. ಕಳಿಸಿದ ಊರಿನ ನರ್ಸು ಎದ್ದು, ಇಂಥವಳು, ರಕ್ತ ಕಡಿಮೆ, ಅಥವಾ ಹೋದ ಸಲ ಕೂಸು ಅಡ್ಡವಿತ್ತು ಎಂದು ಹೇಳುವಳು. ಇನ್ನೊಂದು ಬೆಂಚಿನಿಂದ ಮತ್ತೊಬ್ಬಳು ಎದ್ದು, "ನನ್ನ ಹತ್ತಿರ ಬಂದಿದ್ದಾಳೆ, ನೋಡಿದ್ದೇನೆ" ಎನ್ನುವಳು. ಪೆರೇರರು ನನ್ನ ಕಿವಿಯಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಕರಿಬಸಪ್ಪನವರಿಗೆ ಕನ್ನಡದಲ್ಲಿ ದಾಟಿಸುತ್ತಿದ್ದೆ.

ಒಂದು ಹೆಸರಿಗೆ ಉತ್ತರ ಬರಲಿಲ್ಲ. ಪೆರೇರರು ಮತ್ತೆ ಕೂಗಿದರು. ಕಳಿಸಿದ ನರ್ಸು, ಅವಳ ರಕ್ತದೊತ್ತಡ ಹೆಚ್ಚಿತ್ತು ಎಂದಳು. ಸಭೆ ನಿಂತಿತು. ಆರೋಗ್ಯದ ಇನ್ಸ್‌ಪೆಕ್ಟರ್ ಒಬ್ಬರು ಸೈಕಲ್ ಹತ್ತಿ ಹೊರಟರು. ಚಹಾ ಬಂದು ತಣ್ಣಗಾಯಿತು, ಯಾರೂ ಎದ್ದು ಹೋಗಲಿಲ್ಲ. ಎಲ್ಲ ಹೆಸರಿಗೂ ಉತ್ತರ ಸಿಗುವ ತನಕ ಸಭೆ ಮುಗಿಯುವುದಿಲ್ಲವಂತೆ. ಇದನ್ನು ಸರ್ಕಾರ ಹೇಳಿದ್ದಲ್ಲ, ಪೆರೇರರಿಗಿಂತ ಮುಂಚಿನ ಯಾರೋ ಅಧಿಕಾರಿ ಹಾಕಿಟ್ಟ ರೂಢಿ. ನನಗೆ ಹಸಿವಾಗಿತ್ತು, ಇದೆಂಥ ಹಟ ಎಂದು ಮನಸ್ಸಿನಲ್ಲಿ ಗೊಣಗಿದೆ. ಮಧ್ಯಾಹ್ನ ತಿರುಗಿದ ಮೇಲೆ ಇನ್ಸ್‌ಪೆಕ್ಟರ್ ಬೆವರುತ್ತ ಬಂದರು. ಹುಡುಗಿ ತಾಯಿಯ ಮನೆಗೆ ಹೋಗಿರಲಿಲ್ಲ, ಚಿಕ್ಕಮ್ಮನ ಮನೆಯಲ್ಲಿದ್ದಳು. ಆ ಊರಿನ ನರ್ಸು ಕೂಡಲೇ ಎದ್ದು ಚೀಲ ಹಿಡಿದು ಹೊರಟಳು. ಉಳಿದವರು ಊಟಕ್ಕೆದ್ದರು.

ಊಟದಲ್ಲಿ ಪೆರೇರರು ಕರಿಬಸಪ್ಪನವರನ್ನು ಕೇಳಿದರು. ನಿಮ್ಮ ಕಡೆಯೂ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರಂತಲ್ಲ, ನೀವು ಹೇಗೆ ತಿಳಿದುಕೊಳ್ಳುತ್ತೀರಿ? ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಕರಿಬಸಪ್ಪ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಎಲೆಗೆ ಇಳಿಸಿದರು.

"ಹೊಟ್ಟಿ ತುಂಬಿತಂತ ಹೇಳ್ರಿ" ಎಂದು ಎದ್ದರು.

ಅಲೆಯ ಹತ್ತಿರ

ಸಂಜೆ ಅವರನ್ನು ಹುಡುಕಿಕೊಂಡು ಹೋದೆ. ಮೀನುಗಾರರ ದೋಣಿಗಳನ್ನು ಮೇಲಕ್ಕೆಳೆದಿಟ್ಟಿದ್ದ ಕಡೆ, ಚಪ್ಪಲಿ ಪಕ್ಕಕ್ಕಿಟ್ಟು ಮರಳಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಏಳಲು ಹೋದರು. ಬೇಡವೆಂದು ನಾನೂ ಕೂತೆ.

"ಡಾಕ್ಟರಮ್ಮಾರ, ಒಂದು ಕೇಳ್ತೀನಿ. ಬಸುರಿ ಹೆಣ್ಣಮಗಳು ಗಂಡನ ಚಪ್ಲಿ ಮೆಟ್ಟಿಗೊಂಡು ಬಂದ್ರ ಏನರ್ಥ?"

"ಯಾಕ ಮೆಟ್ಟಿಗೊಂತಾಳ?"

"ತನ್ನವು ಕಾಲಿಗೆ ಹಿಡ್ಯಾಂಗಿಲ್ರಿ. ಕುಬಸದ ದಿನ ನೀಲವ್ವ ಹಂಗ ಬಂದಿದ್ಲು. ಹೆಂಗಸರೆಲ್ಲ ನಕ್ಕರು. ಚೊಚ್ಚಲ ಬಸುರ್ಯಾಗ ಕಾಲು ಬಾಯ್ತಾವ, ಗಂಡು ಕೂಸು ಆಗ್ತೈತಿ ಅಂದ್ಲು ನಮ್ಮಕಿ. ನಾನೂ ನಕ್ಕೆ."

ಕಾಲು ಬಾತರೆ ಅದೇ ಕಾಯಿಲೆಯಲ್ಲ. ಅನೇಕರಿಗೆ ಬಾಯುತ್ತದೆ, ಇಳಿಯುತ್ತದೆ. ಅದರ ಜೊತೆ ರಕ್ತದೊತ್ತಡ ಏರಿದ್ದರೆ ಮಾತು ಬೇರೆ. ಆಗ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರೂ ಕೈಬಿಟ್ಟು ಹೋಗಬಹುದು. ಇದನ್ನೆಲ್ಲ ಹೇಳದೆ, "ಮುಖ ಬಾತಿತ್ತಾ? ಬಿ.ಪಿ. ಎಷ್ಟಿತ್ತಂತ?" ಎಂದಷ್ಟೇ ಕೇಳಿದೆ.

"ಕುರುಗೋಡಿನ ಸುಶೀಲಮ್ಮ ಸಿಸ್ಟರ್ ನೋಡ್ಯಾರ್ರಿ. ಅವ್ರು ಬರಕೊಂಡಿರ್ತಾರ. ತಿಂಗಳಾ ತಿಂಗಳಾ ಅದು ನನ್ನ ಟೇಬಲ್ಲಿಗೇ ಬರ್ತೈತಿ. ಅಪಾಯದ ಬಸುರಿಯರು ಅಂತ ಒಂದು ಕಲಮು ಐತಲ್ರಿ, ಹೋದ ತಿಂಗಳದ್ದು ನಾನ ಕೂಡಿಸಿ ಬೆಂಗಳೂರಿಗೆ ಕಳಿಸೀನಿ." ಮರಳಿನ ಮೇಲೆ ಬೆರಳಿನಿಂದ ಒಂದು ಅಂಕಿ ಬರೆದರು. "ಕುರುಗೋಡಿನ ಅಂಕಿ ನೆನಪೈತಿ ನನಗ. ಅದ್ರಾಗ ನಮ್ಮ ನೀಲವ್ವ ಅದಾಳೋ ಇಲ್ಲೋ, ಅದು ಗೊತ್ತಿಲ್ಲ."

ಕುರುಗೋಡಿನ ನರ್ಸಿಗೆ ಗೊತ್ತು, ಆದರೆ ಹುಡುಗಿ ಅಲ್ಲಿಲ್ಲ. ಸಿರುಗುಪ್ಪದಲ್ಲಿ ಹುಡುಗಿ ಇದ್ದಾಳೆ, ಆದರೆ ಅಲ್ಲಿನ ಡಾಕ್ಟರಿಗೆ ಗೊತ್ತಿಲ್ಲ. ಎರಡೂ ಊರಿನ ಕಾಗದ ಬಂದು ಸೇರುವುದು ಬಳ್ಳಾರಿಯಲ್ಲಿ, ಕರಿಬಸಪ್ಪನವರ ಕೈಗೆ. ಅಲ್ಲಿಗೆ ಬರುವ ಹೊತ್ತಿಗೆ ಅದರಲ್ಲಿ ಹೆಸರು ಉಳಿದಿರುವುದಿಲ್ಲ. ಜಿಲ್ಲೆಯಲ್ಲಿ ಅರ್ಧಕ್ಕರ್ಧ ಚೊಚ್ಚಲ ಹೆರಿಗೆ ತವರಿನಲ್ಲೇ ಆಗುತ್ತದೆ ಎಂದು ನಮಗೆಲ್ಲ ತಿಳಿದಿತ್ತು. ನಮ್ಮ ಲೆಕ್ಕ ಮಾತ್ರ ಯಾವ ಹೆಣ್ಣೂ ಊರು ಬಿಟ್ಟು ಕದಲುವುದಿಲ್ಲ ಎಂಬಂತೆ ಇತ್ತು.

"ಏಳ್ರಿ, ತಂತಿ ಕೊಡೋಣು" ಎಂದೆ.

ಅಂಚೆ ಕಚೇರಿ

ಅಂಚೆ ಕಚೇರಿಯವರು ಬಾಗಿಲು ಹಾಕುತ್ತಿದ್ದರು. ಪೆರೇರರು ಜೊತೆಗೆ ಬಂದದ್ದರಿಂದ ಮತ್ತೆ ತೆಗೆದರು. ಸಿರುಗುಪ್ಪದ ಮನೆಗೆ ತಂತಿ ಕೊಟ್ಟರೆ ಅದನ್ನು ಓದಿಸಿಕೊಳ್ಳುವಷ್ಟರಲ್ಲೇ ಅಳು ಶುರುವಾಗುತ್ತದೆ ಎಂದರು ಕರಿಬಸಪ್ಪ. ತಂತಿ ಎಂದರೆ ಆ ಕಾಲದಲ್ಲಿ ಸಾವಿನ ಸುದ್ದಿ. ಅಲ್ಲಿಯ ಆಸ್ಪತ್ರೆಯ ಡಾಕ್ಟರಿಗೆ ಕೊಟ್ಟರೆ ಅವರಿಗೆ ಈ ಹುಡುಗಿಯ ಗುರುತಿಲ್ಲ. ಕೊನೆಗೆ ಕುರುಗೋಡಿನ ಸುಶೀಲಮ್ಮನ ಹೆಸರಿಗೇ ಬರೆದೆ. ಕರಿಬಸಪ್ಪನವರ ಮಗಳು ನೀಲವ್ವ ಸಿರುಗುಪ್ಪದ ತವರಿನಲ್ಲಿದ್ದಾಳೆ, ನಿಮಗೆ ಗೊತ್ತಿರುವುದನ್ನು ಅಲ್ಲಿಯ ಡಾಕ್ಟರಿಗೆ ಕೂಡಲೇ ಮುಟ್ಟಿಸಿ ಎಂದು. ಈ ಕುರುಗೋಡು ಎಲ್ಲಿದೆ ಎಂದು ಅಂಚೆಯವನು ಕೇಳಿದ. ಬಳ್ಳಾರಿ ಎಂದೆ. ಬಳ್ಳಾರಿ ಎಲ್ಲಿ ಎಂದ. ನನಗೆ ರೇಗಿತು. ಕರಿಬಸಪ್ಪ ಶಾಂತವಾಗಿ ತೆಲುಗಿನಲ್ಲಿ ವಿವರಿಸಿದರು. ಏನು ಅರ್ಥವಾಯಿತೋ, ಅವನು ಬರೆದುಕೊಂಡ.

ಆಮೇಲಿನ ದಿನಗಳು ನಿಧಾನವಾಗಿ ಸಾಗಿದವು. ಹಗಲು ನರ್ಸುಗಳ ಹಿಂದೆ ತೆಂಗಿನ ತೋಟಗಳಲ್ಲಿ ನಡೆದೆವು. ಮನೆಯವರು ನಮಗೆ ಎಳನೀರು ಕೊಟ್ಟರು. ಕರಿಬಸಪ್ಪ ಪ್ರತಿ ಮನೆಯಲ್ಲೂ ಹುಡುಗಿಯರ ಕಾಲು ನೋಡುತ್ತಿದ್ದರು. ಅವರ ಕಣ್ಣು ನೆಲದಲ್ಲೇ ಇರುವುದನ್ನು ಕಂಡು ಜನ ಇವರು ಬಹಳ ಮರ್ಯಾದಸ್ಥರೆಂದು ಮೆಚ್ಚಿಕೊಂಡರು. ನಮ್ಮ ತಂತಿಗೆ ಉತ್ತರ ಬರಲಿಲ್ಲ. ತಿರುಗಿ ಹೋಗಿಬಿಡೋಣವೇ ಎಂದು ನಾನೇ ಕೇಳಿದೆ. ಈಗ ಹೊರಟರೂ ಹಡಗಿನ ದಿನಕ್ಕೆ ಕಾಯಬೇಕಲ್ಲ ಎಂದರು ಕರಿಬಸಪ್ಪ. ಒಂದು ದಿನ ಪೆರೇರರು ತಮ್ಮ ಪದ್ಧತಿಯನ್ನು ಕುರಿತು ಏನನ್ನಿಸಿತು ಎಂದು ಕೇಳಿದಾಗ, ನಾನು ಇಂಗ್ಲಿಷಿನಲ್ಲಿ ದೊಡ್ಡ ಮಾತು ಜೋಡಿಸುತ್ತಿದ್ದೆ. ಕರಿಬಸಪ್ಪ ನಡುವೆ ಬಾಯಿ ಹಾಕಿದರು.

"ಇವ್ರು ಕೂಡಿಸಾಂಗಿಲ್ಲ, ಹುಡುಕ್ತಾರ ಅಂತ ಹೇಳ್ರಿ."

ನನ್ನ ಭಾಷಣಕ್ಕಿಂತ ಅದು ಚೆನ್ನಾಗಿತ್ತು, ಹಾಗೆಯೇ ಹೇಳಿದೆ. ಊರಿಗೆ ಬಂದ ಮೇಲೆ ವರದಿಯಲ್ಲೂ ಅದನ್ನೇ ವಿಸ್ತರಿಸಿ ಬರೆದೆ. ಬಸುರಿಯ ತವರು ಯಾವ ಊರು ಎಂದು ಮೊದಲೇ ಕೇಳಿ ಬರೆದುಕೊಳ್ಳಬೇಕು, ಹೊರಟ ದಿನ ಆ ಊರಿಗೆ ತಿಳಿಸಬೇಕು, ಅಲ್ಲಿಂದ ಉತ್ತರ ಬರಬೇಕು ಎಂದು. ಮೇಲಿನವರಿಂದ ಒಪ್ಪಿಗೆ ಬರುವ ಮುಂಚೆಯೇ ನಾವು ಜಿಲ್ಲೆಯಲ್ಲಿ ಶುರು ಮಾಡಿಬಿಟ್ಟೆವು. ಒಪ್ಪಿಗೆ ಬಹಳ ತಡವಾಗಿ ಬಂತು, ಜೊತೆಗೆ ಕೇಳದೆ ಶುರು ಮಾಡಿದ್ದಕ್ಕೆ ಬೈಗುಳವೂ ಬಂತು.

ಸಿರುಗುಪ್ಪ

ಹಿಂತಿರುಗುವ ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ. ಹಡಗಿನಲ್ಲಿ ಹೊಟ್ಟೆ ತೊಳಸಲಿಲ್ಲ, ಅಥವಾ ತೊಳಸಿದ್ದು ಗಮನಕ್ಕೆ ಬರಲಿಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಿಸಿದ ಮೇಲೆ ಕರಿಬಸಪ್ಪ ಬಾಗಿಲಲ್ಲೇ ನಿಂತರು. ಬಳ್ಳಾರಿಯ ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಯಜಮಾನರು ಕಾಯುತ್ತಿದ್ದರು. ಅವರು ನನ್ನನ್ನು ದಾಟಿ ನೇರವಾಗಿ ಕರಿಬಸಪ್ಪನವರ ಹತ್ತಿರ ಹೋಗಿ, "ಕರಿಬಸಪ್ಪಾರ, ಇಬ್ಬರೂ ಆರಾಮ ಅದಾರ. ಮೊಮ್ಮಗಳು ಹುಟ್ಯಾಳ" ಎಂದರು. ಕರಿಬಸಪ್ಪ ಅಲ್ಲೇ ಟ್ರಂಕಿನ ಮೇಲೆ ಕೂತು ಅತ್ತರು. ನಾನೂ ಅತ್ತೆ. ಇದರಲ್ಲಿ ಮುಚ್ಚಿಡುವುದೇನಿಲ್ಲ.

ನಡೆದದ್ದು ಹೀಗೆ. ತಂತಿ ತಲುಪಿದ ಕೂಡಲೇ ಸುಶೀಲಮ್ಮ ಬಿ.ಪಿ. ನೋಡುವ ಪೆಟ್ಟಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು, ಬಸ್ಸು ಬದಲಿಸುತ್ತ ಸಿರುಗುಪ್ಪಕ್ಕೆ ತಾವೇ ಹೋಗಿದ್ದರು. ಕುರುಗೋಡಿನಲ್ಲಿ ನೋಡಿದಾಗಲೇ ಒತ್ತಡ ಏರಿತ್ತು, ಈಗ ಇನ್ನೂ ಹೆಚ್ಚಿತ್ತು. ಅಲ್ಲಿನ ಡಾಕ್ಟರು ಜೀಪು ಕೊಟ್ಟು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ ಮೇಲೆ ಫಿಟ್ಸ್ ಬಂತು. ಮನೆಯಲ್ಲಿ ಬಂದಿದ್ದರೆ ಎಂದು ಯಾರೂ ಮುಂದಕ್ಕೆ ಮಾತಾಡುವುದಿಲ್ಲ.

ಹುಡುಗಿ ಚೇತರಿಸಿಕೊಂಡು ಸಿರುಗುಪ್ಪಕ್ಕೆ ಹೋದ ಮೇಲೆ ನಾನು ನೋಡಿಬರಲು ಹೋದೆ. ಕರಿಬಸಪ್ಪನವರೂ ರಜೆ ಹಾಕಿ ಮನೆಯಲ್ಲೇ ಇದ್ದರು. ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ. ನೀಲವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿ ಕೂತಿದ್ದಳು. ಮುಖ ಇಳಿದು ಸಣ್ಣಗಾಗಿತ್ತು. ಮಗು ಅಂಗೈಯಷ್ಟಿತ್ತು, ಆದರೆ ಗಟ್ಟಿಯಾಗಿ ಅಳುತ್ತಿತ್ತು. ನಾಡಿ ನೋಡಿ, ಅದೂ ಇದೂ ಮಾತಾಡಿ, ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ನೀಲವ್ವ, ಕುರುಗೋಡಿನ್ಯಾಗ ಸಿಸ್ಟರ್ ನಿನಗ ಬಿ.ಪಿ. ಐತಿ, ಹುಷಾರಿರಬೇಕು ಅಂತ ಹೇಳಿದ್ರಂತ. ಇಲ್ಲಿಗೆ ಬಂದ ಮ್ಯಾಲೆ ಯಾರಿಗೂ ಯಾಕ ಹೇಳಲಿಲ್ಲವ್ವ?"

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ತಂದೆಯನ್ನು ನೋಡಿದಳು.

"ಸಿಸ್ಟರ್ ಬರದು ಬಳ್ಳಾರಿಗೆ ಕಳಿಸ್ತೀನಿ ಅಂದಿದ್ರು. ಅಲ್ಲಿ ಅಪ್ಪ ಅದಾನಲ್ರಿ, ಎಲ್ಲಾ ನೋಡಿರ್ತಾನ ಅಂದ್ಕೊಂಡೆ. ಕುಬಸಕ್ಕ ಬಂದಾಗ ಅಪ್ಪ ಏನೂ ಅನ್ನಲಿಲ್ಲ, ನಕ್ಕ. ಅಪ್ಪನೇ ನಕ್ಕ ಅಂದ್ರ ಅಂಜೂದೇನಿಲ್ಲ ಅಂತ ಸುಮ್ಮನಾದೆ."

ಕರಿಬಸಪ್ಪ ಒಳಗೆ ಬಂದರು. ಮಗಳ ಕಾಲ ಹತ್ತಿರ ನೆಲದ ಮೇಲೆ ಕೂತು, ಹೊದಿಕೆ ಸರಿಸಿ, ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೆಣ್ಣುಮಗಳ ಕಾಲನ್ನು ತಂದೆ ಹಾಗೆಲ್ಲ ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಅವಳು ನಾಚಿ ಎಳೆದುಕೊಳ್ಳಲು ಹೋದಳು, ಅವರು ಬಿಡಲಿಲ್ಲ.